ಮುರ್ಶಿದಾಳ ಹಣಕ್ಕೊಬ್ಬ ಸಲಹೆಗಾರ

ಮೆಲ್ಕಾರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮುರ್ಶಿದಾ, ಸಂಬಳದಲ್ಲಿ ಉಳಿಸಿದ ಹಣವನ್ನು ತಾನೇ ಮ್ಯೂಚುವಲ್ ಫಂಡಿನಲ್ಲಿ ಹಾಕಲು ಹೊರಟಿದ್ದಳು. ಗಂಡ ಅಝೀಮ್ ಸೌದಿಯ ದಮ್ಮಾಮಿನಿಂದಲೇ ಫೋನಿನಲ್ಲಿ ಅಡ್ಡಗಾಲು ಹಾಕಿದ.

"ನಿನಗೆ ಯಾಕೆ ಆ ತಲೆಬಿಸಿ? ಮೂಡುಬಿದಿರೆಯಲ್ಲಿ ಉಜ್ವಲ್ ಅಂತ ಇದ್ದಾರೆ, ಅವರಿಗೆ ಇದೇ ಕೆಲಸ. ಅವರ ಕೈಗೆ ಕೊಡುವ."

ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸುವವಳಿಗೆ ತನ್ನ ಲೆಕ್ಕ ಬಾರದೇ? ಮುರ್ಶಿದಾಳಿಗೆ ಮೈಯೆಲ್ಲ ಉರಿಯಿತು. ಲಾಭ ಕಡಿಮೆಯಾದರೂ ಸರಿ, ತಾನು ದುಡಿದದ್ದು ತನ್ನ ಕೈಯಲ್ಲೇ ಇರಬೇಕು ಎಂಬುದು ಅವಳ ಹಟ.

"ಆ ಜನ ಬರಲಿ, ನಾನು ನೋಡ್ತೇನೆ" ಎಂದರು ಅತ್ತೆ ರುಖಿಯಮ್ಮ. ಮೀನಿನ ಕಿವಿರು ಎತ್ತಿ ನೋಡದೆ ಕಾಸು ಬಿಚ್ಚದ ಹೆಂಗಸು ಅವರು.

ಭಾನುವಾರ ಉಜ್ವಲ್ ಲ್ಯಾಪ್‌ಟಾಪ್ ಸಮೇತ ಬಂದ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಅಝೀಮನೂ ಹಾಜರಾದ.

"ಬಡ್ಡಿ ನಮಗೆ ಆಗುವುದಿಲ್ಲ" ಎಂದು ರುಖಿಯಮ್ಮ ಮೊದಲೇ ಹೇಳಿದರು.

"ಗೊತ್ತುಂಟು ಅಮ್ಮ. ಅಂಥದ್ದನ್ನೆಲ್ಲ ಬಿಟ್ಟೇ ಆರಿಸಿದ್ದೇನೆ."

ಅವನು ತೋರಿಸಿದ ಫಂಡುಗಳಲ್ಲಿ ಹೆಚ್ಚಿನವು ಮುರ್ಶಿದಾ ಆರಿಸಿಟ್ಟವೇ ಆಗಿದ್ದವು. ಮನುಷ್ಯ ಒಳ್ಳೆಯವನೇ, ಅವಳಿಗೆ ಸಂಕಟವಾದದ್ದೂ ಅದಕ್ಕೇ. ಮೋಸಗಾರನಾಗಿದ್ದರೆ ಬಾಗಿಲು ತೋರಿಸಬಹುದಿತ್ತು.

ರುಖಿಯಮ್ಮ ಗೋಳಿಬಜೆಯ ತಟ್ಟೆ ಮುಂದೆ ತಳ್ಳಿದರು. "ಅದಿರಲಿ ಮಗಾ, ನಿನ್ನ ಸ್ವಂತ ಹಣ ಎಲ್ಲಿ ಹಾಕಿದ್ದಿ?"

ಬಾಯಲ್ಲಿ ಬಿಸಿ ಗೋಳಿಬಜೆ ಇದ್ದವನಿಗೆ ಸುಳ್ಳು ಹೊಸೆಯಲು ಪುರುಸೊತ್ತಾಗಲಿಲ್ಲ. "ನನ್ನದಾ? ಅದು ಹೆಂಡತಿ ಶ್ರೀಪ್ರಿಯಾ ನೋಡುವುದು. ನನ್ನನ್ನು ಮುಟ್ಟಲಿಕ್ಕೇ ಬಿಡುವುದಿಲ್ಲ. ಮಾರ್ಕೆಟ್ ಬಿದ್ದರೆ ನಾನು ಹೆದರಿ ಎಲ್ಲ ಮಾರಿಬಿಡ್ತೇನಂತೆ."

ರುಖಿಯಮ್ಮ ಸಕ್ಕರೆ ಡಬ್ಬಿಯ ಕಡೆ ತಿರುಗಿದರು.

"ಅಝೀಮ್, ಕೇಳಿತಾ?"

"ನೆಟ್‌ವರ್ಕ್ ಸರಿ ಇಲ್ಲ ಉಮ್ಮ."

"ನಿನ್ನ ಮುಖ ಸ್ಪಷ್ಟ ಕಾಣ್ತದೆ ಮಾರಾಯ!"

ಮುರ್ಶಿದಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಉಜ್ವಲನೂ ನಕ್ಕ.

"ಒಂದು ಕೆಲಸ ಮಾಡುವ ಸರ್" ಎಂದಳು. "ವರ್ಷಕ್ಕೊಮ್ಮೆ ನೀವು ನೋಡಿ, ತಪ್ಪಿದ್ದರೆ ಹೇಳಿ, ಫೀಸ್ ಕೊಡ್ತೇನೆ. ಹಾಕುವುದು, ತೆಗೆಯುವುದು ಮಾತ್ರ ನಾನೇ."

"ಆಗಬಹುದು. ಮನೆಯಲ್ಲಿಯೂ ನನಗೆ ಅದೇ ಕೆಲಸ, ಫೀಸ್ ಒಂದು ಇಲ್ಲ" ಎಂದ ಉಜ್ವಲ್, ಇನ್ನೊಂದು ಗೋಳಿಬಜೆ ತೆಗೆದುಕೊಂಡ.

ಅವನು ಹೋದ ಮೇಲೆ ರುಖಿಯಮ್ಮ ಕಪಾಟಿನಿಂದ ಒಂದು ಚಿನ್ನದ ಬಳೆ ತಂದು ಸೊಸೆಯ ಅಂಗೈಯಲ್ಲಿಟ್ಟರು. "ಸುಮ್ಮನೆ ಕೂತಿದೆ. ಮಾರಿ, ನಿನ್ನದರ ಒಟ್ಟಿಗೆ ಇದನ್ನೂ ಹಾಕು ಮಗಳೇ."

ಮುರ್ಶಿದಾ ಬಳೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಈ ಮನೆಗೆ ಬಂದಂದಿನಿಂದ ಅವಳಿಗೆ ಇಷ್ಟು ಸಂತೋಷ ಆಗಿರಲಿಲ್ಲ.

"ಉಮ್ಮಾ! ಮಾರುವ ಮೊದಲು ಯಾರನ್ನಾದರೂ ಕೇಳಿ!" ಡಬ್ಬಿಯ ಕಡೆಯಿಂದ ಅಝೀಮ್ ಕೂಗಿದ.

"ನಿನಗೆ ನೆಟ್‌ವರ್ಕ್ ಇಲ್ಲವಲ್ಲ" ಎಂದು ರುಖಿಯಮ್ಮ ಫೋನನ್ನು ಕವುಚಿ ಹಾಕಿದರು.