ಭೂತಮ್ಮನ ಹೂಂ

ಭೂತಮ್ಮನಿಗೆ ಸುಮ್ಮನಿರುವುದು ಗೊತ್ತೇ ಇಲ್ಲ. ಯಾರೇ ಮಾತಾಡಿಸಲಿ, ಹೂಂ ಅನ್ನದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ ಎಂದು ಅವಳ ಅವ್ವ ಕಲಿಸಿದ್ದಳು. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕರೆದರೂ ಹೂಂ, ಪಕ್ಕದ ಲೈನ್ಮನೆಯವಳು ಕೂಗಿದರೂ ಹೂಂ. ಆ ಮರ್ಯಾದೆಯೇ ಈಗ ಹಾಸನದ ಆಸ್ಪತ್ರೆಯಲ್ಲಿ ಕುತ್ತಿಗೆಗೆ ಬಂದಿತ್ತು.

ಕ್ಯಾನ್ಸರ್ ಆಗಿ ಎಡಗಡೆಯ ಮೊಲೆ ತೆಗೆದಿದ್ದರು. ಆ ಜಾಗಕ್ಕೆ ಇನ್ನು ರೇಡಿಯೇಷನ್ ಕೊಡಬೇಕು. ಅದರ ಹಿಂದೆಯೇ ಹೃದಯ. "ಉಸಿರು ಎಳ್ಕೊಂಡು ಹಿಡಿದ್ರೆ ಹೃದಯ ಸ್ವಲ್ಪ ಹಿಂದಕ್ಕೆ ಸರಿಯುತ್ತೆ ಯಜಮಾನ್ರೇ, ಅದಕ್ಕೆ ಕಿರಣ ಜಾಸ್ತಿ ತಾಗಲ್ಲ," ಎಂದು ಅವಳ ಗಂಡ ವೀರಯ್ಯನಿಗೆ ಬಿಡಿಸಿ ಹೇಳಿದವಳು ಮೆಷಿನ್ ನಡೆಸುವ ಆಸ್ಮಾ, ಬಾಳ್ಳುಪೇಟೆಯ ಲಾರಿಯವರ ಮಗಳು.

ಅಷ್ಟೇ ತಾನೇ ಎಂದುಕೊಂಡ ವೀರಯ್ಯ. ಅಭ್ಯಾಸ ಶುರುವಾಯಿತು. ಒಳಗೆ ಭೂತಮ್ಮ ಒಬ್ಬಳೇ ಮಲಗಿದ್ದಳು. ಹೊರಗಿನ ಕೋಣೆಯಿಂದ, ವೀರಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಸ್ಮಾ ಮೈಕಿನಲ್ಲಿ ಹೇಳಿದಳು: "ಉಸಿರು ಎಳ್ಕೊಳ್ಳಿ ಅಮ್ಮ... ಹಿಡ್ಕೊಳ್ಳಿ."

"ಹೂಂ ಕಣವ್ವ, ಹಿಡ್ದೆ!"

ಹಿಡಿದ ಉಸಿರೆಲ್ಲ ಆ ಹೂಂ ಜೊತೆಗೇ ಹೊರಟುಹೋಯಿತು. ಆಸ್ಮಾಳ ಮುಂದಿನ ಪರದೆಯ ಮೇಲೆ ಉಸಿರಿನ ಏರಿಳಿತ ತೋರಿಸುವ ಗೆರೆ ಕೆಳಗೆ ಬಿತ್ತು.

"ಮಾತಾಡಬಾರದು ಅಮ್ಮ."

"ಹೂಂ, ಆಡಾಕಿಲ್ಲ ಬುಡವ್ವ!"

ಮತ್ತೆ ಬಿತ್ತು. ಆಸ್ಮಾಳ ಮುಖ ಸಪ್ಪಗಾಯಿತು. "ಆಗದೇ ಇದ್ರೆ ಉಸಿರು ಹಿಡಿಸದೇನೇ ಕೊಡ್ಬೇಕಾಗುತ್ತೆ. ಹೃದಯಕ್ಕೆ ಜಾಸ್ತಿ ಬೀಳುತ್ತೆ."

ವೀರಯ್ಯನ ಜೀವ ಬಾಯಿಗೆ ಬಂತು. ಕಾಫಿಹಣ್ಣಿನ ಚೀಲ ಹೊತ್ತು ಗುಡ್ಡದ ಏರಿನಲ್ಲಿ ತನಗಿಂತ ಮುಂದೆ ನಡೆಯುವವಳು ಅವಳು. ಆ ಗುಂಡಿಗೆಗೆ ಏನೂ ಆಗಕೂಡದು. ಅವಳು ಬಾಯಿ ಮುಚ್ಚುವುದು ಯಾವಾಗ ಎಂದು ಅವನೊಬ್ಬನಿಗೇ ಗೊತ್ತಿತ್ತು.

"ಮೈಕ್ ಇತ್ಲಾಗ್ ಕೊಡವ್ವ," ಎಂದ. "ಏ ಭೂತಮ್ಮ, ನಿನ್ ತವರ್ಮನೆ ಕಡುಬು ಐತಲ್ಲ, ಕಲ್ಲು ಕಣೇ! ನಾಯಿನೂ ಮೂಸಾಕಿಲ್ಲ!"

ತವರಿನ ಸುದ್ದಿಗೆ ಹೋದರೆ ಭೂತಮ್ಮ ಆಗಿಂದಾಗಲೇ ಜಗಳವಾಡುವುದಿಲ್ಲ. ಎದೆ ತುಂಬ ಉಸಿರೆಳೆದು, ತುಟಿ ಬಿಗಿದು, ಬೊಂಬೆ ಹಾಗೆ ಕೂತುಬಿಡುತ್ತಾಳೆ. ಗೆರೆ ಏರಿತು, ಉಸಿರು ಇಷ್ಟು ನಿಲ್ಲಬೇಕು ಎಂದು ಗುರುತಿಟ್ಟ ಹಸಿರು ಪಟ್ಟಿಯೊಳಗೆ ನಿಂತಿತು, ಅಲುಗಲೇ ಇಲ್ಲ. ಆಸ್ಮಾ ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟಳು.

ಡಾಕ್ಟರೂ ನಕ್ಕು ಒಪ್ಪಿದರು. ಅಂದಿನಿಂದ ಆಲೂರಿನಲ್ಲಿ ಬಸ್ಸು ಹತ್ತುವಾಗಲೇ ವೀರಯ್ಯ ಬೈಗುಳ ಹೊಂದಿಸಿಕೊಳ್ಳುತ್ತಿದ್ದ. ಭಾವಮೈದನ ಮೀಸೆ, ಅತ್ತೆಮನೆಯ ಬಡಕಲು ಹುಂಜ, ಮದುವೆಯ ನೀರು ಪಾಯಸ, ಯಾವುದನ್ನೂ ಬಿಡಲಿಲ್ಲ. ಔಷಧಿಗೆಂದೇ ಬೈಯುತ್ತಾನೆ ಎಂದು ಗೊತ್ತಿದ್ದರೂ ಭೂತಮ್ಮನ ಸಿಟ್ಟು ಮಾತ್ರ ಅಸಲಿ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಡ್ಡಿ ಸಮೇತ ತೀರಿಸುತ್ತಿದ್ದಳು, ಮುಂದಿನ ಸೀಟಿನವರು ತಿರುಗಿ ತಿರುಗಿ ನಗುತ್ತಿದ್ದರು.

ಕೊನೆಯ ದಿನವೂ ಗೆರೆ ಅಲುಗಲಿಲ್ಲ. ಮೆಷಿನ್ ನಿಂತಿತು. "ಉಸಿರು ಬಿಡಿ ಅಮ್ಮ, ಎಲ್ಲಾ ಮುಗೀತು," ಎಂದಳು ಆಸ್ಮಾ.

ವೀರಯ್ಯ ಮೈಕ್ ಬಿಡಲಿಲ್ಲ. ಇಷ್ಟು ದಿನ ಅವನೂ ಒಂದು ಮಾತನ್ನು ಗಂಟಲಲ್ಲೇ ಹಿಡಿದಿಟ್ಟಿದ್ದ. "ಭೂತಮ್ಮ... ನಿನ್ ತವರ್ಮನೆ ಕಡುಬು ಬೆಣ್ಣೆ ಇದ್ದಂಗೆ ಇರ್ತದೆ ಕಣೇ. ನೀನಿಲ್ದೆ ನಂಗೆ ಯಾವ ಕಡುಬೂ ಬ್ಯಾಡ."

ಇನ್ನೂ ಉಸಿರು ಹಿಡಿದೇ ಇದ್ದಾಳೇನೋ ಎಂದು ಆಸ್ಮಾ ಪರದೆ ನೋಡಿದಳು.

ಆಮೇಲೆ ಸ್ಪೀಕರಿನಲ್ಲಿ ಉದ್ದಕ್ಕೆ ಬಂತು: "ಹೂಂ... ಗೊತ್ತಿತ್ತು ಕಣ್ರೀ."