ಹಾರೆ ಹಿಡಿದ ಕಾರಣ

ಬಡವನೊಬ್ಬನನ್ನು ಪೊಲೀಸರು ನಡುಬೀದಿಯಲ್ಲಿ ಕೈಕಟ್ಟಿ ಒಯ್ಯುವಾಗ, ‘ಏನೋ ಮಾಡಿರಬೇಕು’ ಎಂದುಕೊಂಡು ಸರಿದು ನಿಂತು ದಾರಿ ಬಿಟ್ಟವರಲ್ಲಿ ನೀವೂ ಒಬ್ಬರಲ್ಲವೇ?

ಮಾನವಿಯಿಂದ ದೇವದುರ್ಗಕ್ಕೆ ಹೋಗುವ ದಾರಿಯ ಒಂದು ಊರು, ಹೆಸರು ಬೇಡ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ರೈತ ಹಂಪಣ್ಣನ ಹೆಂಡತಿ ಬಸವಂತಮ್ಮ ವಾಂತಿಭೇದಿಯಿಂದ ಬೆಳಗಿನ ಜಾವ ತೀರಿಕೊಂಡಳು. ಅವಳು ಕಡೆಗೆ ಕೇಳಿದ್ದು ಒಂದೇ: “ಮಣ್ಣು ನೀವ ಹಾಕ್ರಿ.” ಅವರ ಆಚಾರದಂತೆ ಶವಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಹೊತ್ತು ಮುಳುಗುವುದರೊಳಗೆ ಹೊಲದಲ್ಲಿ ಸಮಾಧಿಯಾಗಬೇಕು. ಹೊಲವೋ ಗುದ್ದಲಿಗೆ ಬಗ್ಗದ ಗರಸು ನೆಲ. ಹಂಪಣ್ಣ ಅಕ್ಕಿ ಗಿರಣಿಯ ಮರಿಸ್ವಾಮಿಯಿಂದ ಹಾರೆಯನ್ನು ಎರವಲು ಪಡೆದು ಬೀದಿಗಿಳಿದ.

ಹಿಂದಿನ ರಾತ್ರಿ ಬಜಾರಿನ ಸಾಹುಕಾರನೊಬ್ಬನ ಮನೆಗೆ ಕನ್ನ ಬಿದ್ದಿತ್ತು. ಠಾಣೆಯ ಅಧಿಕಾರಿಯಾದ ಅಮೀನನಿಗೆ ಯಾರಾದರೊಬ್ಬ ಬೇಕಾಗಿತ್ತು.

“ನಿಲ್ಲಲೇ! ಹಾರಿ ತಗೊಂಡು ಯಾರ ಮನಿಗೆ ಹೊಂಟಿ?”

“ನಮ್ಮಾಕಿ ಸತ್ತಾಳ್ರಿ ಸಾಹೇಬ್ರ. ಕುಣಿ ತೋಡಬೇಕ್ರಿ.”

“ಕಳ್ಳ ಸಿಕ್ಕಾಗೊಮ್ಮೆ ಅವನ ಹೆಂಡ್ತಿ ಸಾಯ್ತಾಳ ನೋಡ್ರಿ,” ಎಂದು ಅಮೀನನ ಜೊತೆಗಿದ್ದ ಪೊಲೀಸ್ ಜವಾನ ನಕ್ಕ.

ಮನೆ ಮುರಿಯುವ ಸಾಧನವನ್ನು ತಕ್ಕ ಕಾರಣವಿಲ್ಲದೆ ಹಿಡಿದು ತಿರುಗುವವನನ್ನು ವಾರಂಟಿಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗುಂಟು. ‘ತಕ್ಕ ಕಾರಣವಿಲ್ಲದೆ’ ಎಂಬ ಮಾತೂ ಅದೇ ಕಾನೂನಿನಲ್ಲಿದೆ. ಹೇಳಿದ ಕಾರಣವನ್ನು ಪರೀಕ್ಷಿಸುವುದು ಹಿಡಿಯುವವನ ಧರ್ಮ. ಹಂಪಣ್ಣನ ಮನೆ ಕೂಗಳತೆಯಲ್ಲಿತ್ತು. ಅಮೀನ ಅತ್ತ ಹೆಜ್ಜೆ ಇಡಲಿಲ್ಲ. ಗಿರಣಿಯ ಬಾಗಿಲಿಗೆ ತಿರುಗಿ ಕೇಳಿದ:

“ಮರಿಸ್ವಾಮಿ, ಈ ಹಾರಿ ನಿಂದೇನು?”

ಹೌದೆಂದರೆ ಕನ್ನದ ಕೇಸು ತನ್ನ ಕೊರಳಿಗೂ ಸುತ್ತಿಕೊಂಡೀತು. ಮರಿಸ್ವಾಮಿ ತೌಡು ಹತ್ತಿದ ಕೈ ಒರೆಸಿಕೊಂಡ. “ನಂಗೊತ್ತಿಲ್ರಿ. ಹಾರಿ ಎಲ್ಲಾರ ಮನ್ಯಾಗೂ ಇರ್ತಾವ.”

“ಸ್ವಾಮೇರ, ಈಗ ನೀವ ಕೊಟ್ಟೀರಲ್ರೀ!” ಎಂದು ಹಂಪಣ್ಣ ಕಿರುಚಿದ. ಮರಿಸ್ವಾಮಿ ಗಿರಣಿಯೊಳಕ್ಕೆ ಹೋದ. ಹಂಪಣ್ಣನನ್ನು ಕೈಕಟ್ಟಿ, ಹಾರೆಯ ಸಮೇತ ಠಾಣೆಗೆ ಒಯ್ದರು.

ಮಧ್ಯಾಹ್ನ ಹಂಪಣ್ಣನ ತಂಗಿ ಚನ್ನಮಲ್ಲಮ್ಮ ಠಾಣೆಗೆ ಬಂದು ಅಮೀನನ ಕಾಲಿಗೆ ಬಿದ್ದಳು.

“ಹೆಣ ಅದ ಅಂತೀಯಲ್ಲ? ತಂದು ತೋರ್ಸು,” ಎಂದ ಅವನು, ಎಲೆ ಅಗಿಯುತ್ತ.

ಅವಳು ತಂದಳು. ಅತ್ತಿಗೆಯನ್ನು ಚಕ್ಕಡಿಯಲ್ಲಿ ಕೂರಿಸಿ, ವಾಲದಂತೆ ಗೂಟಕ್ಕೆ ಸೀರೆ ಬಿಗಿದು, ಸುಡುಬಿಸಿಲಿನಲ್ಲಿ ಠಾಣೆಯ ಮುಂದೆ ನಿಲ್ಲಿಸಿದಳು. ಸೆರಗಿನಿಂದ ನೊಣ ಓಡಿಸುತ್ತ ಹೇಳಿದಳು: “ನೋಡ್ರಿ ಸಾಹೇಬ್ರ. ಕಣ್ತುಂಬ ನೋಡ್ರಿ.”

ಅಮೀನ ಮೂಗಿಗೆ ರುಮಾಲು ಹಿಡಿದ. “ಖರೇನ ಅದ. ಆದ್ರ ಕಾಗದ ಬರದಾಗೇದ. ಇನ್ನ ಬಿಡೂದಾದ್ರ ರಾಯಚೂರು ಕೋರ್ಟಿನ್ಯಾಗ ಬಿಡಬೇಕು. ನಾಳೆ ಒಯ್ತೀವಿ.”

“ಹಾರಿಯರ ಕೊಡ್ರಿ.”

“ಅದು ಮುದ್ದೇಮಾಲು, ಕೇಸಿನ ಸಾಕ್ಷಿ. ಕೊಡಾಕ ಬರಂಗಿಲ್ಲ.”

ಸರಳಿನ ಹಿಂದಿನಿಂದ ಹಂಪಣ್ಣ ಬೇಡಿಕೊಂಡ: “ಯವ್ವಾ ಚನ್ನೀ, ಗಾಡಿ ಇತ್ತಾಗ ತಾರಬೇ. ಒಂದು ಹಿಡಿ ಮಣ್ಣು ಇಲ್ಲಿಂದನ ಹಾಕ್ತೀನಿ.”

“ಠಾಣಿ ಮಣ್ಣು ಸರ್ಕಾರದ್ದಲೇ!” ಎನ್ನುತ್ತ ಜವಾನ ಎತ್ತುಗಳ ಬೆನ್ನಿಗೆ ಲಾಠಿ ಬೀಸಿದ. ಚಕ್ಕಡಿ ಕುಲುಕಿತು, ಕುಳಿತವಳ ತಲೆ ಎದೆಯ ಮೇಲೆ ಬಾಗಿತು.

ಹಾರೆ ಹಿಡಿದು ಹೊರಬೀಳಲು ಹೆದರಿದ ನೆರೆಯವರು ಗುದ್ದಲಿ ಇಳಿದಷ್ಟೇ ಆಳ ತೋಡಿ, ಕತ್ತಲಲ್ಲಿ ಹೂತರು. ಬೆಳಗಾಗುವಷ್ಟರಲ್ಲಿ ನಾಯಿಗಳು ಕೆದಕಿದ್ದವು.

ಮರುದಿನ ರಾಯಚೂರಿನ ನ್ಯಾಯಾಧೀಶರು ಕಾರಣ ಕೇಳಿದರು, ಒಪ್ಪಿದರು, ಬಿಟ್ಟರು. ಹಂಪಣ್ಣ ನೇರವಾಗಿ ಹೊಲಕ್ಕೆ ಬಂದು, ಉಳಿದದ್ದರ ಮೇಲೆ ಕಲ್ಲು ಹೇರಿದ. ಅಂದೇ ಸಂಜೆ ಮರಿಸ್ವಾಮಿ ಠಾಣೆಗೆ ಹೋಗಿ, “ಅದು ನಂದ್ರೀ,” ಎಂದು ಹಾರೆಯನ್ನು ಬಿಡಿಸಿಕೊಂಡು ಬಂದ.

ಓದುಗರೇ, ಅಮೀನನ ಪಾಪವನ್ನು ಅಮೀನ ಹೊರಲಿ. ನಿಮ್ಮ ಕಣ್ಣೆದುರು ಯಾರನ್ನಾದರೂ ಹೀಗೆ ಹಿಡಿದಾಗ, ಅವನ ಮಾತು ನಿಜವೆಂದು ನಿಮಗೆ ಗೊತ್ತಿದ್ದರೆ, ಅಲ್ಲಿಯೇ, ಆ ಕ್ಷಣವೇ, ಹತ್ತು ಜನರಿಗೆ ಕೇಳುವಂತೆ ಹೇಳಿರಿ. ಹೇಳಿ ಮನೆಗೆ ಹೋಗಬೇಡಿರಿ. ಠಾಣೆಯ ತನಕ ಅವನ ಜೊತೆ ನಡೆಯಿರಿ.