ನಂಬರಿಲ್ಲದ ತಲೆ

ಜನರಿಗೆ ಟೋಪಿ ಹಾಕುವುದು ನನ್ನ ಉದ್ಯೋಗ. ನಗಬೇಡಿ, ನಿಜವಾದ ಟೋಪಿ. ಅದರಲ್ಲಿ ಮಿದುಳಿನ ಮಿಡಿತ ಹಿಡಿಯುವ ಮೂವತ್ತೆರಡು ತಂತಿಗಳಿವೆ. ಒಂದೊಂದರ ತುದಿಗೂ ತಣ್ಣನೆಯ ಜೆಲ್ ಹಚ್ಚಿ ಕೂದಲ ಬುಡಕ್ಕೆ ತಾಗಿಸಬೇಕು. ಪ್ರಯೋಗಕ್ಕೆ ಬಂದವರಿಗೆ ಹೆಸರಿನ ಬದಲು ಒಂದೊಂದು ನಂಬರ್. ಆಮೇಲೆ ಅವರು ಹೆಡ್‌ಫೋನ್ ಹಾಕಿಕೊಂಡು ಮೇಲಧಿಕಾರಿಗಳ ಮಾತು ಕೇಳುತ್ತಾರೆ. ಗಂಡಸು ಗದರಿದರೆ, ಹೆಂಗಸು ನಯವಾಗಿ ಹೇಳಿದರೆ, ಪರದೆಯ ಮೇಲಿನ ಗೆರೆ ತನ್ನ ಪಾಡಿಗೆ ಸಾಗುತ್ತದೆ. ಹೆಂಗಸು ಖಡಕ್ಕಾಗಿ ಅಪ್ಪಣೆ ಕೊಟ್ಟರೆ ಅಥವಾ ಗಂಡಸು ಮೆತ್ತಗೆ ಕೇಳಿಕೊಂಡರೆ ಗೆರೆ ಎಗರುತ್ತದೆ. ಬಾಯಿ ‘ನನಗೆ ಇಬ್ಬರೂ ಒಂದೇ’ ಎನ್ನುವಷ್ಟರಲ್ಲಿ ಮಿದುಳು ಹೌಹಾರಿ ಆಗಿರುತ್ತದೆ.

ಆ ಖಡಕ್ ದನಿ ನನ್ನದು. ಮೆತ್ತನೆಯದು ನಮ್ಮ ಅಣ್ಣನದು. ಒಡಹುಟ್ಟಿದ ಅಣ್ಣನಲ್ಲ, ನಮ್ಮ ಪ್ರಯೋಗಾಲಯದ ಹಿರಿಯ ಟೆಕ್ನಿಶಿಯನ್. ರೆಕಾರ್ಡಿಂಗ್ ದಿನ ಇಬ್ಬರೂ ನಟಿಸಬೇಕಾಗಲಿಲ್ಲ. ಬೆನ್ನ ಹಿಂದೆ ನನ್ನನ್ನು ಸಿಡಿಲಮ್ಮ ಎನ್ನುತ್ತಾರೆ, ನನಗದು ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಪ್ರಯೋಗಾಲಯದ ಉಸ್ತುವಾರಿಗೆ ನಮ್ಮ ಮುಖ್ಯಸ್ಥೆ ಮೇಡಂ ನನ್ನನ್ನು ಸೂಚಿಸಿದ್ದರು. ಅಣ್ಣ ಮೊದಲೇ ‘ಆ ತಲೆನೋವು ನನಗೆ ಬೇಡಮ್ಮ’ ಎಂದು ಕೈ ಎತ್ತಿದ್ದರು. ಉಳಿದವರು ನನ್ನ ಮಾತು ಒರಟು ಎಂದು ಮೂಗು ಮುರಿದಿದ್ದರು. ಮಧ್ಯಾಹ್ನ ಮೂರಕ್ಕೆ ಸಭೆ, ಅಲ್ಲೇ ತೀರ್ಮಾನ. ನನಗೆ ಆ ಕೆಲಸ ಬೇಕಿತ್ತು. ನನ್ನಷ್ಟು ಚೆನ್ನಾಗಿ ಮಾಡುವವರು ಅಲ್ಲಿ ಯಾರೂ ಇರಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ಅಂದು ಬೆಳಿಗ್ಗೆ ಅಣ್ಣ ಕಂಪ್ಯೂಟರ್ ಮುಂದೆ ಕೂತು ಕರೆದರು.

“ತಂಗಿ, ಇದು ಯಾರ ತಲೆ? ನಂಬರೇ ಇಲ್ಲ. ನಿನ್ನ ದನಿ ಕೇಳಿ ಇಷ್ಟು ಎಗರಿದವರು ಇನ್ನೊಬ್ಬರಿಲ್ಲ.”

ನಾನು ಬಗ್ಗಿ ನೋಡಿದೆ. ಗೆರೆ ಗೋಡೆ ಹತ್ತಿದಂತಿತ್ತು.

“ಯಾರಣ್ಣ ಈ ಮಹಾನುಭಾವ? ಹೆಂಡತಿ ಬಾಯಿ ತೆರೆದ್ರೆ ಮನೆ ಬಿಟ್ಟು ಓಡೋನಿರ್ಬೇಕು!”

“ಟೈಮ್ ನೋಡು.”

ಎಂಟು ನಲವತ್ತು. ನಾವು ಹೊರಗಿನವರಿಗೆ ಬಾಗಿಲು ತೆಗೆಯುವುದೇ ಒಂಬತ್ತಕ್ಕೆ. ಅದಕ್ಕೂ ಮೊದಲು ಟೋಪಿ ಹಾಕಿಕೊಳ್ಳುವವಳು ಒಬ್ಬಳೇ. ತಂತಿಗಳು ಸರಿಯಿವೆಯೇ ಎಂದು ನೋಡಲು ದಿನಾ ನನ್ನ ತಲೆಯ ಮೇಲೇ ಒಂದು ಸುತ್ತು ಓಡಿಸುತ್ತೇನೆ. ಆ ಫೈಲನ್ನು ಆಗಲೇ ಅಳಿಸಬೇಕು. ನಾಳೆ ಅಳಿಸಿದರಾಯಿತು ಎಂದು ಬಿಟ್ಟಿದ್ದೆ, ಒಂದನ್ನೂ ಅಳಿಸಿರಲಿಲ್ಲ.

ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. ನನ್ನ ದನಿಗೆ ನನ್ನ ತಲೆಯೇ ಬೆಚ್ಚಿತ್ತು! ಬೇರೆಯವರನ್ನು ಯಾವ ಬಾಯಲ್ಲಿ ಬೈಯಲಿ?

“ಮುಖ ಸಣ್ಣ ಮಾಡ್ಕೋಬೇಡ. ಮಿಕ್ಕಿದ್ದನ್ನೂ ನೋಡೋಣ” ಎಂದು ಅಣ್ಣ ಒಂದೊಂದೇ ಫೈಲ್ ತೆರೆದರು. ಪ್ರಯೋಗ ಶುರುವಾದಾಗಿನಿಂದ ಒಟ್ಟು ಇಪ್ಪತ್ತಮೂರು ಬೆಳಗು, ಆಗ ನೋಡಿದ್ದು ಮೊದಲನೆಯದು. ಐದನೆಯದರಲ್ಲಿ ಗೆರೆ ಸ್ವಲ್ಪ ತಗ್ಗಿತ್ತು. ಹದಿನೈದನೆಯದರಲ್ಲಿ ಅರ್ಧಕ್ಕಿಳಿದಿತ್ತು. ಕೊನೆಯದರಲ್ಲಿ ನನ್ನ ದನಿಗೂ, ಗದರುವ ಗಂಡಸಿನ ದನಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಣ್ಣನ ಮೆತ್ತನೆಯ ದನಿಗೂ ಅಷ್ಟೆ.

ಮೇಡಂಗೆ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ, “ಒಂದು ತಲೆಯಿಂದ ಏನೂ ಸಾಬೀತಾಗಲ್ಲ. ಫೈಲ್ ಅಳಿಸದೆ ಇದ್ದದ್ದೂ ತಪ್ಪು” ಎಂದರು. ಎರಡೂ ನಿಜ. ಆದರೆ ನನಗೆ ಆ ಒಂದು ತಲೆ ಸಾಕಿತ್ತು.

ಮೂರು ಗಂಟೆಗೆ, ಕಂಪ್ಯೂಟರ್ ರಿಪೇರಿಯವರು ಎಲ್ಲರ ಪರವಾಗಿ ಎದ್ದು ನಿಂತರು.

“ತಪ್ಪು ತಿಳ್ಕೋಬೇಡಿ. ನೀವು ಕೆಲಸದಲ್ಲಿ ಗಟ್ಟಿ. ಆದ್ರೆ ನಿಮ್ಮ ದನಿ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಸ್ವಲ್ಪ ಮೆತ್ತಗೆ ಮಾತಾಡೋಕಾಗಲ್ವಾ?”

“ನನಗೂ ಧಸಕ್ ಅಂದಿತ್ತು” ಎಂದು ನನ್ನ ಮೊದಲ ಬೆಳಗನ್ನು ಗೋಡೆಯ ಪರದೆಯ ಮೇಲೆ ಹಾಕಿದೆ. ನಕ್ಕರು. ಆಮೇಲೆ ಒಂದೊಂದಾಗಿ ಇಪ್ಪತ್ತಮೂರನ್ನೂ ತೋರಿಸಿದೆ. ನಗು ನಿಂತಿತು.

“ದನಿ ಇದೇ. ಇದನ್ನ ಬದಲಾಯಿಸಲ್ಲ. ನಿಮಗೆ ಅಭ್ಯಾಸ ಆಗೋವರೆಗೂ ಕಾಯ್ತೀನಿ.”

ಮೇಡಂ ಒಪ್ಪುವವರಿಗೆ ಕೈ ಎತ್ತಲು ಹೇಳಿದರು. ಅಣ್ಣನ ಕೈ ಎಲ್ಲರಿಗಿಂತ ಮೊದಲು ಮೇಲಿತ್ತು. ಎಲ್ಲರಿಗಿಂತ ಕೊನೆಗೆ ರಿಪೇರಿಯವರದ್ದು, ಕಿವಿಯವರೆಗೆ ಮಾತ್ರ. ಅಷ್ಟು ಸಾಕು.

“ನಾಳೆ ಎಂಟೂವರೆಗೆ ಎಲ್ರೂ ಇಲ್ಲಿರಬೇಕು. ತಡ ಆಗಬಾರದು!” ಎಂದೆ.

ರಿಪೇರಿಯವರ ಭುಜ ಗಕ್ಕನೆ ಮೇಲೆ ಹಾರಿತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೆ ಇದಿನ್ನೂ ಮೊದಲನೆಯ ದಿನ.